ಅಮೆರಿಕದ ನ್ಯಾಯಾಧೀಶರು ಬೆವರಿದ ಸಂಜೆ

ಶುಕ್ರವಾರ ಸಂಜೆ ಐದು ಗಂಟೆ ನಲವತ್ತು ನಿಮಿಷಕ್ಕೆ ಜಯರಾಮಣ್ಣ ಮಾತು ನಿಲ್ಲಿಸಿದರು. ಅವರ ಮಾತು ನಡುವೆ ನಿಂತದ್ದನ್ನು ನಾವು ಯಾರೂ ಕಂಡಿರಲಿಲ್ಲ.

ಇದು ಎರಡು ವರ್ಷದ ಹಿಂದಿನ ಬೇಸಗೆಯ ಮಾತು. ಆಗ ನಾನು ದೋಹಾದ ಆಸ್ಪತ್ರೆಯೊಂದರ ಹೃದ್ರೋಗ ವಿಭಾಗದಲ್ಲಿ ಹಿರಿಯ ನರ್ಸ್. ಆ ದಿನ ರಜೆ. ಅಲ್ ವುಕೈರ್‌ನ ಗೆಳೆಯರೊಬ್ಬರ ವಿಲ್ಲಾದಲ್ಲಿ ತಾಳಮದ್ದಳೆ ಕೇಳುತ್ತ ಕುಳಿತಿದ್ದೆ.

ತಾಳಮದ್ದಳೆಗೆ ವೇಷವಿಲ್ಲ, ಬರೆದಿಟ್ಟ ಸಂಭಾಷಣೆಯೂ ಇಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಅರ್ಥಧಾರಿಗಳು ಪಾತ್ರಗಳಾಗಿ ಎದುರುಬದುರು ಕುಳಿತು ಅಲ್ಲಿಯೇ ಹೊಳೆದ ಮಾತಿನಲ್ಲಿ ವಾದಿಸುತ್ತಾರೆ; ಆ ಮಾತಿಗೇ ‘ಅರ್ಥ’ ಎನ್ನುವುದು. ಕರ್ಣ, ವಾಲಿಯರನ್ನು ಮಾಡಿ ಮಾಡಿ ನಮ್ಮ ತಂಡಕ್ಕೆ ಸಾಕಾಗಿತ್ತು. ದೋಹಾ ಅಲ್ ಜದೀದಾ ಬಡಾವಣೆಯಲ್ಲಿ ಏಸಿ ರಿಪೇರಿ ಅಂಗಡಿ ಇಟ್ಟಿರುವ ಜಯರಾಮಣ್ಣ, ಅಮೆರಿಕ ಸ್ವತಂತ್ರವಾದ ಹೊಸತರಲ್ಲಿದ್ದ ನ್ಯಾಯಾಧೀಶರೊಬ್ಬರ ಜೀವನಚರಿತ್ರೆ ಓದಿ ಅದನ್ನೇ ಪ್ರಸಂಗ ಮಾಡಿದ್ದರು. ಆ ನ್ಯಾಯಾಧೀಶರು ಪೀಠ ಬಿಡದೆಯೇ ಗವರ್ನರ್ ಹುದ್ದೆಗೆ ಸ್ಪರ್ಧಿಸಿ, ಸೋತು, ಮತ್ತೆ ತೀರ್ಪು ಕೊಡಲು ಕುಳಿತವರು; ಮುಂದೆ ಗೆದ್ದು ಪೂರ್ತಿ ರಾಜಕಾರಣಿಯಾದವರು. ಅವರನ್ನು ಪ್ರಶ್ನಿಸುವ ವಕೀಲನ ಪಾತ್ರ ಕಾರ್ಗೋ ಕಂಪೆನಿಯ ಇಬ್ರಾಹಿಂ ಸಾಹೇಬರದು.

“ಒಂದು ಕಾಲು ಪೀಠದಲ್ಲಿ, ಇನ್ನೊಂದು ಚುನಾವಣೆಯ ಕಣದಲ್ಲಿ. ನಡುವೆ ಪಂಚೆ ಹರಿಯಲಿಲ್ಲವೇ ಸ್ವಾಮೀ?” ಎಂದರು ಸಾಹೇಬರು.

“ಹರಿಯಿತು. ಹೊಲಿದುಕೊಂಡು ಮರುದಿನವೇ ಪೀಠಕ್ಕೆ ಬಂದೆ. ನನಗೆ ಮತ ಕೊಡದವನೂ ಅಲ್ಲಿ ನ್ಯಾಯ ಕೇಳಿ ನಿಂತಿದ್ದ. ಅವನಿಗೆ...”

ಜಯರಾಮಣ್ಣನ ಮಾತು ಅಲ್ಲಿಗೆ ನಿಂತಿತು.

“ನೋಡಿರಿ, ಉತ್ತರವಿಲ್ಲದ ನ್ಯಾಯಾಧೀಶರು ಹೇಗೆ ಬೆವರುತ್ತಾರೆ!” ಎಂದರು ಸಾಹೇಬರು ಸಭೆಯತ್ತ ತಿರುಗಿ.

ಸಭೆ ಚಪ್ಪಾಳೆ ತಟ್ಟಿ ನಕ್ಕಿತು. ಆದರೆ ಹೆಂಗಸರೆಲ್ಲ ಏಸಿಯ ಚಳಿಗೆ ಶಾಲು ಹೊದ್ದಿದ್ದರು, ಜಯರಾಮಣ್ಣನ ಅಂಗಿ ಮಾತ್ರ ಒದ್ದೆಯಾಗಿತ್ತು. ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ನಾನು ಎದ್ದೆ. ನನ್ನ ಗಂಡ ಸೆರಗು ಹಿಡಿದೆಳೆದರು.

“ಕೂತ್ಕೊ ಮಾರಾಯ್ತಿ, ಅರ್ಥದ ನಡುವೆ ಏಳುದಾ?”

ಸೆರಗು ಬಿಡಿಸಿಕೊಂಡು ಓಡಿದೆ. ನಾನು ಮುಟ್ಟುವಷ್ಟರಲ್ಲಿ ಜಯರಾಮಣ್ಣ ಒಂದು ಬದಿಗೆ ಉರುಳಿದರು. ಉಸಿರಿಲ್ಲ, ನಾಡಿಯಿಲ್ಲ. ಅಭಿನಯವೆಂದು ಹಿಂದಿನ ಸಾಲಿನಲ್ಲಿ ಇನ್ನೂ ಚಪ್ಪಾಳೆ ಕೇಳುತ್ತಿತ್ತು.

ಆಂಬುಲೆನ್ಸ್‌ಗೆ ಫೋನ್ ಮಾಡಿಸಿ ಎದೆ ಒತ್ತತೊಡಗಿದೆ. ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ ಒತ್ತಬೇಕು. ಗಾಬರಿಯಲ್ಲಿ ನನ್ನ ಕೈ ಓಡುತ್ತಿತ್ತು. “ಭಾಗವತರೇ, ನಾನು ಹೇಳುವ ಲಯಕ್ಕೆ ತಾಳ ಹಾಕಿ, ನಿಲ್ಲಿಸಬೇಡಿ” ಎಂದೆ. ಅವರು ತಾಳ ಹಿಡಿದರು. ಲಯ ಒಮ್ಮೆಯೂ ತಪ್ಪಲಿಲ್ಲ. ನನ್ನ ತೋಳು ಸೋತಾಗ ಸಾಹೇಬರು ಮುಂದೆ ಬಂದರು. “ಯಲ್ಲಾ, ಬೇಗ ಸಿಸ್ಟರ್, ಎಲ್ಲಿ ಒತ್ತುದು ತೋರಿಸಿ.” ಒತ್ತುತ್ತಲೇ ಅಳುತ್ತಿದ್ದರು. “ಏಳಿ ಜಯರಾಮಣ್ಣ, ಗೆದ್ದದ್ದು ನೀವೇ.”

ಪ್ಯಾರಾಮೆಡಿಕ್‌ಗಳು ಒಳಗೆ ಬಂದಾಗ ಭಾಗವತರು ನಾಚಿಕೊಂಡು ತಾಳ ಕೆಳಗಿಟ್ಟರು. ಆಂಬುಲೆನ್ಸಿನವರಲ್ಲಿ ಹಿರಿಯ, ಟ್ಯುನೀಷಿಯಾದವನು, ಮುಂದುವರಿಸಿ ಎಂದು ಕೈಸನ್ನೆ ಮಾಡಿದ. ಅವರ ಯಂತ್ರ ಎದೆಗೆ ಕೊಟ್ಟ ಎರಡನೆಯ ಶಾಕ್‌ಗೆ ನಾಡಿ ಮರಳಿತು. ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದರು. ಅಂದರೆ ಮುಚ್ಚಿಹೋದ ರಕ್ತನಾಳವನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆ.

ಪ್ರಜ್ಞೆ ಬಂದ ಮೇಲೆ ಜಯರಾಮಣ್ಣ ಸಾಹೇಬರನ್ನು ಕರೆಸಿದರು. “ನೀವು ಸೋಲು ಒಪ್ಪಿದ್ರಂತೆ?”

“ಅದು ಸಾಯುವವರಿಗೆ ಕೊಟ್ಟ ಡಿಸ್ಕೌಂಟ್. ಈಗ ಬದುಕಿದ್ರಲ್ಲ, ಖಲಾಸ್, ಕ್ಯಾನ್ಸಲ್.”

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ನನಗೆ ನಿದ್ದೆ ಬರುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಅದೇ ಚಪ್ಪಾಳೆ. ವಾರ್ಡಿನಲ್ಲಿ ನನ್ನೊಡನೆ ಯಂತ್ರಗಳಿದ್ದವು, ಡಾಕ್ಟರಿದ್ದರು. ವಿಲ್ಲಾದ ಆ ಕೋಣೆಯಲ್ಲಿ ಅಷ್ಟು ಜನರ ನಡುವೆ ಬಲ್ಲವಳು ನಾನೊಬ್ಬಳೇ. ಆ ಶುಕ್ರವಾರ ನನಗೆ ಡ್ಯೂಟಿ ಇದ್ದಿದ್ದರೆ? ಈ ಪ್ರಶ್ನೆ ಈಗಲೂ ನನ್ನನ್ನು ಪೂರ್ತಿ ಬಿಟ್ಟಿಲ್ಲ.

ಚಳಿಗಾಲ ಬಂದ ಮೇಲೆ ಅಲ್ ಗರಾಫಾದ ನಮ್ಮ ಮನೆಗೆ ತಂಡವನ್ನೆಲ್ಲ ಕರೆದೆ. ದಿಂಬುಗಳನ್ನು ಸಾಲಾಗಿ ನೆಲದ ಮೇಲಿಟ್ಟು ಒಬ್ಬೊಬ್ಬರಿಗೂ ಎದೆ ಒತ್ತುವುದನ್ನು ಕಲಿಸಿದೆ. ಜಯರಾಮಣ್ಣ ಸೋಫಾದಲ್ಲಿ ಕುಳಿತು ಒಬ್ಬೊಬ್ಬರಿಗೂ ತೀರ್ಪು ಕೊಟ್ಟರು. “ಈ ಕೈಗೆ ನಾನು ಉಳೀತಿದ್ದೆ. ನಿನ್ನ ಕೈಗೆ ಖಂಡಿತ ಹೋಗ್ತಿದ್ದೆ ಮಾರಾಯ, ಇನ್ನೊಮ್ಮೆ ಒತ್ತು.” ಬೈಸಿಕೊಂಡವರು ನನ್ನ ಗಂಡ. ಸಂಜೆಯ ಹೊತ್ತಿಗೆ ಅವರೂ ಪಾಸಾದರು. ಒಬ್ಬರ ಕೈಯಲ್ಲಷ್ಟೇ ಇರುವ ವಿದ್ಯೆಯನ್ನು ನಂಬಿ ಯಾರೂ ನೆಮ್ಮದಿಯಾಗಿ ಇರಲಾಗದು ಎಂಬುದನ್ನು ನನ್ನ ಕೆಲಸ ಕಲಿಸಿದ್ದು ಹೀಗೆ.

ಆ ರಾತ್ರಿ ಮಲಗಿದವಳಿಗೆ ಎಚ್ಚರವಾದಾಗ ಬೆಳಗಾಗಿತ್ತು.