ಫೋಟೊ ಇಳಿದ ಮೇಲಿನ ಭಾವ

ನನ್ನ ಭಾವನಷ್ಟು ತನ್ನ ಮುಖವನ್ನು ತಾನೇ ಪ್ರೀತಿಸಿದ ಗಂಡಸನ್ನು ನಾನು ಕಂಡಿಲ್ಲ. ಎದುರಿಗೆ ‘ಬನ್ನಿ ಭಾವ, ಕೂತ್ಕೊಳ್ಳಿ’ ಅನ್ನುತ್ತಿದ್ದೆ, ಮನಸ್ಸಿನೊಳಗೆ ಏಕವಚನವೇ. ಅವನು ದೊಡ್ಡ ಫರ್ನಿಚರ್ ಅಂಗಡಿಯ ಮ್ಯಾನೇಜರು. ಎಲ್ಲರಿಗಿಂತ ಹೆಚ್ಚು ಸೋಫಾ ಮಾರಿದವನೆಂದು ಬಾಗಿಲ ಪಕ್ಕದಲ್ಲೇ ಅವನ ಫೋಟೊ ಹಾಕಿದ್ದರು. ಆ ಠೀವಿ ನೋಡಿದರೆ ಸೋಫಾ ಮಾರಿದ್ದೋ ಸಾಮ್ರಾಜ್ಯ ಗೆದ್ದದ್ದೋ ತಿಳಿಯುತ್ತಿರಲಿಲ್ಲ. ಮನೆಗೆ ಬಂದವರಿಗೆ ಅಕ್ಕ ನೀರು ತರುವ ಮೊದಲೇ ಇವನು ಅಂಗಡಿ ಕೊಟ್ಟ ಬಹುಮಾನದ ಶೀಲ್ಡು ತರುತ್ತಿದ್ದ. ಭಾನುವಾರ ಚರ್ಚಿಗೂ ಹೋಗುತ್ತಿದ್ದ, ದೇವರು ತನ್ನನ್ನು ನೋಡಿ ಒಂದಿಷ್ಟು ಕಲಿಯಲಿ ಎಂಬಂತೆ.

ನೆಂಟರು ಬೆಲ್ಲಕ್ಕೆ ಮುತ್ತಿದ ಇರುವೆಗಳು. ಅವನ ಚಿಕ್ಕಪ್ಪನಂತೂ ಹೋದಲ್ಲೆಲ್ಲ ‘ನಮ್ಮ ಹುಡುಗ’ ಎಂದು ಎದೆ ಉಬ್ಬಿಸುತ್ತಿದ್ದ. ಆ ಹುಡುಗನಿಗೆ ಆಗಲೇ ಅರ್ಧ ತಲೆ ಬೋಳಾಗಿತ್ತು.

ಆಮೇಲೆ ಮಾಲೀಕನ ಅಳಿಯ ಬಂದ. ಮಾವನ ಹಣದಲ್ಲಿ ಕೋಟು ತೊಟ್ಟ ಆ ಪುಣ್ಯಾತ್ಮ ಭಾವನನ್ನು ಕರೆದು, “ನಿಮ್ಮ ಕಾಲ ಮುಗೀತು ಸಾರ್, ನಾಳೆಯಿಂದ ಬರಬೇಡಿ” ಅಂದ. ಅವತ್ತೇ ಫೋಟೊ ಇಳಿಸಿದರು. ಕಾವಲುಗಾರ ಅದನ್ನು ಹಳೆಯ ಪೇಪರಿನಲ್ಲಿ ಸುತ್ತಿ ಭಾವನ ಕೈಗೆ ಕೊಟ್ಟ. ಇರುವೆಗಳು ಬೇರೆ ಬೆಲ್ಲ ಹುಡುಕಿಕೊಂಡು ಹೋದವು.

ಭಾವ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. ಗಡ್ಡ ಬೆಳೆಯಿತು, ಊಟದ ತಟ್ಟೆ ಹೋದ ಹಾಗೇ ವಾಪಸು ಬರುತ್ತಿತ್ತು. ನನಗೆ ಅಯ್ಯೋ ಅನ್ನಿಸಲಿಲ್ಲ. ಅಕ್ಕ ಮಾತ್ರ ತಡೆಯಲಾರದೆ ಚರ್ಚಿನ ಪಾಸ್ಟರನ್ನು ಕರೆಸಿದಳು. ಸವೆದ ಚಪ್ಪಲಿಯ, ಸದಾ ಕೆಮ್ಮುವ ಮನುಷ್ಯ ಅವರು. ಮಂಚದ ತುದಿಯಲ್ಲಿ ಕೂತರು.

“ನಾನೀಗ ಏನೂ ಅಲ್ಲ, ಪಾಸ್ಟರೇ” ಅಂದ ಭಾವ.

“ನಿಮ್ಮ ಮಗಳು ಹುಟ್ಟಿದಾಗ ಎತ್ಕೊಂಡು ಮುದ್ದಾಡಿದ್ರಲ್ಲ, ಅವಳು ಏನು ಮಾರಿದ್ಲು ಅಂತ?”

ಭಾವ ಗೋಡೆಯಿಂದ ಇತ್ತ ತಿರುಗಿದ.

“ಕ್ರಿಸ್ತ ನಿಮಗೋಸ್ಕರ ಪ್ರಾಣ ಕೊಟ್ಟಾಗ ನೀವಿನ್ನೂ ಒಂದು ಸ್ಟೂಲೂ ಮಾರಿರಲಿಲ್ಲ, ತಮ್ಮಾ.”

ಭಾವ ಎದ್ದು ಕೂತು ಗಳಗಳನೆ ಅತ್ತ. ಬಾಗಿಲಲ್ಲಿ ನಿಂತಿದ್ದ ನಾನು, ಇದೂ ಒಂದು ನಾಟಕ ಅಂದುಕೊಂಡೆ.

ಮೊದಮೊದಲು ನನ್ನ ಲೆಕ್ಕವೇ ಸರಿ ಅನ್ನಿಸಿತ್ತು. ಅವನು ಪೈಪೋಟಿಯನ್ನು ಸೋಫಾದಿಂದ ಪ್ರಾರ್ಥನೆಗೆ ಸಾಗಿಸಿದ್ದ, ಅಷ್ಟೇ. “ನನ್ನಷ್ಟು ಹೊತ್ತು ಮೊಣಕಾಲೂರಿ ಪ್ರಾರ್ಥನೆ ಮಾಡೋರು ಚರ್ಚಲ್ಲೇ ಇಲ್ಲ” ಎಂದು ಒಂದು ದಿನ ಊಟಕ್ಕೆ ಕೂತಾಗ ಹೇಳಿದ.

ಅಕ್ಕ ಸೌಟು ಕೆಳಗಿಟ್ಟಳು. “ರೀ, ಚರ್ಚಿನ ಬಾಗಿಲಲ್ಲೂ ನಿಮ್ಮ ಫೋಟೊ ಹಾಕಿಸ್ಬೇಕಾ?”

ಭಾವನ ಮುಖ ಕೆಂಪಾಯಿತು. ಇನ್ನೇನು ಸಿಡಿಯುತ್ತಾನೆ ಎಂದು ಕಾದೆ. ಅವನು ನಕ್ಕ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಅವನು ತನ್ನನ್ನು ನೋಡಿ ತಾನೇ ನಕ್ಕಿದ್ದನ್ನು ನಾನು ಕಂಡದ್ದು ಅದೇ ಮೊದಲು. ಅಂದಿನಿಂದ ಅವನಲ್ಲಿ ಏನೋ ಸಡಿಲವಾಯಿತು. ಪಾಸ್ಟರು ಹೇಳಿದ್ದು ತಡವಾಗಿ ತಲೆಗೆ ಹೋಯಿತೆಂದು ಕಾಣುತ್ತದೆ.

ಈಗ ಅವನು ಸಂದಿಯಲ್ಲಿರುವ ಚಿಕ್ಕ ಕುರ್ಚಿ ಅಂಗಡಿಯಲ್ಲಿ ಸಾದಾ ಕೆಲಸಗಾರ. ಬೆಳಗ್ಗೆ ಹೋಗಿ ಧೂಳು ಒರೆಸುತ್ತಾನೆ, ಗುನುಗುತ್ತಾನೆ. ಮೊನ್ನೆ ನಾನು ಅಲ್ಲಿದ್ದಾಗಲೇ ಚಿಕ್ಕಪ್ಪನ ಸವಾರಿ ಬಂತು.

“ಹೇಗಿದ್ದವನು ಹೇಗಾದ್ಯಲ್ಲೋ! ನಾಲ್ಕು ಜನರ ಮುಂದೆ ನಮಗೆ ತಲೆ ಎತ್ತೋಕಾಗ್ತಿಲ್ಲ.”

“ಚಿಕ್ಕಪ್ಪ, ಆಗ ಕುರ್ಚಿ ಜೊತೆ ನನ್ನನ್ನೂ ಮಾರ್ಕೊಳ್ತಿದ್ದೆ. ಈಗ ಕುರ್ಚಿ ಮಾತ್ರ. ನನಗೆ ಬೆಲೆ ಕಟ್ಟೋನು ಯಾವಾಗಲೋ ಪ್ರಾಣ ಕೊಟ್ಟೇ ಕಟ್ಟಿದಾನೆ. ನೀವ್ಯಾಕೆ ಸಂಕಟಪಡ್ತೀರಿ?”

ಚಿಕ್ಕಪ್ಪ ಪಕ್ಕದ ಕುರ್ಚಿಯ ಬೆಲೆ ಚೀಟಿ ತಿರುವಿ ನೋಡಿದ. “ಹೋಗ್ಲಿ ಬಿಡು. ಇಲ್ಲಿ ನಮ್ಮವರಿಗೆ ಏನಾದ್ರೂ ಕಡಿಮೆ ಮಾಡ್ತಾರಾ?”

“ಇಲ್ಲ” ಅಂದ ಭಾವ, ಬಲು ಸಂತೋಷದಿಂದ.