ಕ್ಯಾಸೆಟ್ಟಿನ ರೀಲು ಕಟ್ಟಿದ ಸೂರ್ಯಕಾಂತಿ ಹೊಲ

ಸೂರ್ಯಕಾಂತಿಯ ಕಾಳು ಹಾಲುದುಂಬುವ ಹೊತ್ತಿಗೆ ಹೊಳಲ್ಕೆರೆ ಸೀಮೆಯ ಮಕ್ಕಳಿಗೆಲ್ಲ ಕೆಲಸ ಸಿಗುತ್ತಿದ್ದ ಕಾಲವದು. ಶಾಲೆ ಬಿಟ್ಟೊಡನೆ ಹೊಲಕ್ಕೆ ಓಡಿ, ಖಾಲಿ ಡಬ್ಬ ಬಡಿದು ಗಿಳಿಗಳನ್ನು ಎಬ್ಬಿಸುವುದು. ನಡುನಡುವೆ ಹುಚ್ಚೆಳ್ಳು ಪುಡಿ ಸವರಿದ ರೊಟ್ಟಿ ಕಡಿಯುವುದು. ಎಲೆಯ ಅಂಟು ಅಂಗೈಗೆ ಹತ್ತಿ, ಉಣ್ಣುವಾಗಲೂ ಅದರ ಹಸಿ ವಾಸನೆ ಬಿಡುತ್ತಿರಲಿಲ್ಲ. ತೊಂಬತ್ತರ ದಶಕದ ಅಂಥದೊಂದು ಮಳೆಗಾಲದಲ್ಲಿ ಅಪ್ಪನ ತಮ್ಮ, ನನ್ನ ರುದ್ರೇಶ ಚಿಕ್ಕಪ್ಪ, ಸೈನ್ಯದಿಂದ ನಿವೃತ್ತನಾಗಿ ಮನೆಗೆ ಬಂದ.

"ಗಡಿ ಕಾದೋನಿಗೆ ಗಿಳಿ ಕಾಯೋದೇನು ದೊಡ್ದು? ನಾಳಿಂದ ಹೊಲದ ಕಾವಲು ನಿಂದೇ ಕಣಪ್ಪ," ಎಂದಳು ಅಜ್ಜಿ. ಅದು ಅವಳು ಮಗನಿಗೆ ಕೊಟ್ಟ ಗೌರವವಾಗಿತ್ತು.

ಮರುದಿನ ನಾನು ಡಬ್ಬಕ್ಕೆ ಹೊಡೆದ ಮೊದಲ ಏಟಿಗೇ ಚಿಕ್ಕಪ್ಪ ನನ್ನನ್ನು ಸೆಳೆದುಕೊಂಡು ಸಾಲಿನ ನಡುವೆ ಬೋರಲು ಬಿದ್ದ. "ತಲೆ ಎತ್ತಬ್ಯಾಡ ಪುಟ್ಟಿ, ಎತ್ತಬ್ಯಾಡ." ಆಟವೆಂದುಕೊಂಡು ನಾನು ನಕ್ಕೆ. ಆದರೆ ಅವನ ಎದೆಯ ಬಡಿತ ನನ್ನ ಬೆನ್ನಿಗೆ ತಾಗುತ್ತಿತ್ತು. ಬಹಳ ಹೊತ್ತಿನ ಮೇಲೆ ಎದ್ದವನು ನನ್ನ ಲಂಗದ ಮಣ್ಣು ಕೊಡವಿದ, ಮುಖ ನೋಡಲಿಲ್ಲ.

ಬದುವಿನ ಮೇಲಿದ್ದ ಪಕ್ಕದ ಹೊಲದ ಸಿದ್ದಪ್ಪ ಎಲ್ಲವನ್ನೂ ಕಂಡಿದ್ದ. "ಏನ್ ಮಿಲ್ಟ್ರಿ, ಗಿಳಿ ಗುಂಡು ಹಾರಿಸ್ತಾ? ಸಂಜಿಗೆ ಆ ಮಿಲ್ಟ್ರಿ ಕ್ಯಾಂಟೀನ್ ರಮ್ ಬಾಟ್ಲಿ ತೆಗಿ, ಧೈರ್ಯ ತಾನೇ ಬರ್ತೈತೆ."

ಚಿಕ್ಕಪ್ಪನೂ ನಕ್ಕ. ಆದರೆ ಆಮೇಲೆ ಡಬ್ಬ ಬಡಿಯಗೊಡಲಿಲ್ಲ. ತಾನು ಅಷ್ಟು ದೂರದಿಂದ ತಂದಿದ್ದ ಹಾಡಿನ ಕ್ಯಾಸೆಟ್ಟುಗಳನ್ನು ಬಿಚ್ಚಿ, ಕಂದು ರೀಲನ್ನು ಗೂಟದಿಂದ ಗೂಟಕ್ಕೆ ಎಳೆದು ಕಟ್ಟಿದ. ಗಾಳಿಗೆ ಅದು ಮಿಂಚುತ್ತ ಗುಂಯ್ಗುಡುತ್ತಿತ್ತು. ಗಿಳಿಗಳು ಕೆಲದಿನ ಹೆದರಿ, ಬಳಿಕ ರೂಢಿಯಾಗಿ, ಅರ್ಧ ಹೊಲ ತಿಂದವು.

ಒಂದು ಸಂಜೆ ಅವನು ಅಪ್ಪನಿಗೆ ಹೇಳಿದ: "ಅಣ್ಣ, ಕಣ್ಣು ಮುಚ್ಚಿದ್ರೆ ಅದೇ ಬರ್ತೈತೆ. ದುರ್ಗದಾಗೆ ಡಾಕ್ಟ್ರಿಗೆ ತೋರಿಸ್ಬೇಕು."

"ಸೋಮವಾರ ಹೋಗಾಣ ಬಿಡು," ಎಂದ ಅಪ್ಪ.

ಅಜ್ಜಿ ಒಪ್ಪಲಿಲ್ಲ. ಅಪ್ಪನ ತಂಗಿ ಗಿರಿಜತ್ತೆಯನ್ನು ನೋಡಲು ಹೊಸದುರ್ಗದ ಕಡೆಯಿಂದ ಗಂಡಿನವರು ಬರುವುದಿತ್ತು. "ತಲೆ ಡಾಕ್ಟ್ರ ತಾವ ಹೋದ್ರೆ ನೀವು ಬಸ್ ಇಳಿಯೋದ್ರೊಳಗೆ ಊರಿಗೆ ಗೊತ್ತಾಗಿರ್ತೈತೆ. ಹುಚ್ಚರ ಮನೆ ಹೆಣ್ಣು ಅಂತಾರೆ. ಅವಳ್ದೊಂದು ಮದುವೆ ಆಗ್ಲಿ."

"ಆಗ್ಲವ್ವ," ಎಂದ ಚಿಕ್ಕಪ್ಪ. ಗಂಡಿನವರು ಬಂದ ದಿನ ಅವನನ್ನು ಹೊಲಕ್ಕೆ ಕಳಿಸಿದ್ದರು. ಮದುವೆಯಲ್ಲಿ ಅಡುಗೆಯ ಉಸ್ತುವಾರಿ ಕೊಟ್ಟು ಹಿತ್ತಲಲ್ಲೇ ಇರಿಸಿದರು. ಮದುವೆ ಮುಗಿಯಿತು. ಆದರೆ ಅವನು ಮತ್ತೆ ಕೇಳಲಿಲ್ಲ. ಸಂಜೆಯಾದರೆ ಬಾಟಲಿ, ಸಿದ್ದಪ್ಪನ ಜೊತೆ. ಮುಂದಿನ ಬಿತ್ತನೆಗೆ ಮುಂಚೆಯೇ ತೀರಿಕೊಂಡ. ಕುಡಿದು ಸತ್ತನೆಂದು ಊರು ತೀರ್ಮಾನಿಸಿತು.

ನಾನು ಆ ತೀರ್ಮಾನವನ್ನು ಒಪ್ಪುವುದಿಲ್ಲ. ಬಂದೂಕು ಹಿಡಿಯಲು ಕಲಿಸಿದ ವ್ಯವಸ್ಥೆ ಅದನ್ನು ಕೆಳಗಿಟ್ಟು ಬದುಕಲು ಕಲಿಸಲಿಲ್ಲ, ತಪ್ಪು. ಪಿಂಚಣಿ ಬರುತ್ತಿದೆಯೇ ಎಂದು ಕೇಳಿದವರು ನಿದ್ದೆ ಬರುತ್ತಿದೆಯೇ ಎಂದು ಕೇಳಲಿಲ್ಲ, ತಪ್ಪು. ರಮ್ಮು ಅಗ್ಗವಾಗಿ ಸಿಕ್ಕಿತು, ಮನಸ್ಸಿಗೆ ಮದ್ದು ಮಾತ್ರ ಊರ ಹತ್ತಿರ ಸುಳಿಯಲಿಲ್ಲ, ಅದೂ ತಪ್ಪು. ಕಾಯಿಲೆಯನ್ನು ಕಳಂಕವೆಂದ ನಮ್ಮ ಮನೆಯದು ಇವೆಲ್ಲಕ್ಕಿಂತ ಹತ್ತಿರದ ತಪ್ಪು.

ಮಣ್ಣು ಮಾಡಿದ ದಿನ ಗಿರಿಜತ್ತೆಯ ಮಾವ ಬಂದಿದ್ದರು. ಕೈಕಾಲು ತೊಳೆದು ಜಗಲಿಯ ಮೇಲೆ ಕುಳಿತು, ನಡೆದದ್ದನ್ನೆಲ್ಲ ಅಜ್ಜಿಯ ಬಾಯಿಂದ ಕೇಳಿಸಿಕೊಂಡರು.

"ನಾನೂ ಮಿಲ್ಟ್ರಿಯೋನೇ ಬೀಗ್ರೆ. ನಂಗೂ ಹಿಂಗೇ ಆಗಿತ್ತು. ಬೆಂಗ್ಳೂರಾಗೆ ಆಸ್ಪತ್ರೆ ಸೇರಿ ವಾಸಿ ಮಾಡ್ಕೆಂಡು ಬಂದೆ. ನಮಗೆ ಒಂದ್ ಮಾತು ಹೇಳಿದ್ರೆ ನಾನೇ ಕರ್ಕಂಡು ಹೋಗ್ತಿದ್ದೆ."

ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಈಗ ದುರ್ಗಕ್ಕೆ ಗಂಟೆಗೊಂದು ಬಸ್ಸಿದೆ, ಮನೋವೈದ್ಯರೂ ಇದ್ದಾರೆ. ಆರೋಗ್ಯ ಕಾರ್ಯಕರ್ತೆಯಾಗಿ ನಾನು ಮಾಜಿ ಸೈನಿಕರ ಮನೆಗಳಿಗೆ ಹೋಗಿ ಕುಳಿತು ನಿದ್ದೆಯ ಬಗ್ಗೆ ಕೇಳಿದಾಗ, ಹೆಂಗಸರು ಮೊದಲು ಎದ್ದು ಹೋಗಿ ಬೀದಿಬಾಗಿಲು ಮುಚ್ಚಿ ಬರುತ್ತಾರೆ.