ಕಾಮಣ್ಣನ ಎತ್ತರದ ಮುಳ್ಳು

ರಬಕವಿಯ ಮಗ್ಗದ ಫಿಟರ್ ಕಾಮಣ್ಣ ಒಮ್ಮೆಯೂ ವಿಮಾನ ಹತ್ತಿದವನಲ್ಲ. ಆದರೆ ಅವನ ಮನೆಯ ಗೋಡೆಯ ತುಂಬ ವಿಮಾನವೇ ಇತ್ತು. ಸೀರೆ ಗಂಟಿನ ಲಾರಿಯಲ್ಲಿ ಪುಣೆಗೆ ಹೋದಾಗಲೆಲ್ಲ ಅಲ್ಲಿಯ ಗುಜರಿ ಸಂತೆ ಜಾಲಾಡಿ, ಒಡೆದ ಹಳೆಯ ವಿಮಾನಗಳ ಮೀಟರುಗಳನ್ನು ತರುತ್ತಿದ್ದ. ವೇಗದ್ದು, ದಿಕ್ಕಿನದ್ದು, ಎತ್ತರದ್ದು. ಮಗ್ಗ ಬಿಚ್ಚಿದ ಕೈಯಿಂದಲೇ ಅವನ್ನೂ ಬಿಚ್ಚಿ, ಒರೆಸಿ, ಮುಳ್ಳು ತಿರುಗುವ ಹಾಗೆ ಮಾಡುತ್ತಿದ್ದ. ಪೈಲಟ್ ಕೂರುವ ಕುರ್ಚಿಯೊಂದೂ ಇತ್ತು. ಓಣಿಯವರು ‘ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ ಹೂವು’ ಎಂದು ನಗುತ್ತಿದ್ದರು. ಜಮಖಂಡಿಯಲ್ಲಿ ವಿಜ್ಞಾನ ಕಲಿಸುವ ಮಾಸ್ತರನಾದ ನನಗೆ ಮಾತ್ರ ಅವನ ಹುಚ್ಚು ಹಿಡಿಸಿತ್ತು. ರವಿವಾರ ಹೋಗಿ ಆ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದೆ.

ಅಣೆಕಟ್ಟೆಯ ಹಿನ್ನೀರು ಬರುವ ಮುಂಚಿನ ಬೇಸಿಗೆ ಅದು. ಕಾಮಣ್ಣನ ತಂಗಿ ತಾಯವ್ವನನ್ನು ಬೀಳಗಿ ಕಡೆಯ ಹೊಳೆದಂಡೆಯ ಹಳ್ಳಿಗೆ ಕೊಟ್ಟಿತ್ತು. ನೀರು ಎಲ್ಲಿಯವರೆಗೆ ಬರುತ್ತದೆಂದು ಸರ್ವೆಯವರು ಕಲ್ಲು ನೆಟ್ಟು ಹೋಗಿದ್ದರು. ತಾಯವ್ವನ ಮನೆ ಮುಳುಗುವ ಪಟ್ಟಿಯಲ್ಲಿತ್ತು. ಊರವರು ತೊಲೆ, ಬಾಗಿಲು ಕಿತ್ತು ಬಂಡಿಯಲ್ಲಿ ಹೊಸ ಊರಿಗೆ ಸಾಗಿಸುತ್ತಿದ್ದರು. ಅವಳ ಗಂಡ ಹೊಳೆಪ್ಪನಿಗೆ ಮನಸ್ಸಿರಲಿಲ್ಲ. "ಹೊಲದ ಬದು ಸರಿ ಅಳೀಲಿಲ್ಲ ಇವ್ರು, ಹೊಳಿ ಏನ್ ಅಳೀತಾರ?" ಎನ್ನುತ್ತಿದ್ದ. ಆಗ ಕಾಮಣ್ಣನಿಗೆ ಹೊಳೆಯಿತು. ಎತ್ತರ ಅಳೆಯುವ ಮೀಟರು ತನ್ನ ಗೋಡೆಯ ಮೇಲೇ ಇದೆಯಲ್ಲ!

ನಾನೂ ಜೊತೆಗೆ ಹೋದೆ. ಕಲ್ಲಿಗೂ ಮನೆಗೂ ನಡುವೆ ದಿಬ್ಬವಿದ್ದುದರಿಂದ ಯಾವುದು ಮೇಲು, ಯಾವುದು ಕೆಳಗು ಎಂದು ಕಣ್ಣಿಗೆ ತಿಳಿಯುತ್ತಿರಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಕಾಮಣ್ಣ ಮೀಟರನ್ನು ಸರ್ವೆಕಲ್ಲಿನ ಮೇಲಿಟ್ಟು, ಮುಳ್ಳು ನಿಂತ ಕಡೆ ಗಾಜಿನ ಮೇಲೆ ಸುಣ್ಣದ ಗುರುತು ಹಾಕಿದ. ನೆಟ್ಟಗೆ ಮನೆಗೆ ಹೋಗಿ ಅಳೆಯಬೇಕೆಂದಿದ್ದೆವು. ತಾಯವ್ವ ಬಿಡಬೇಕಲ್ಲ!

"ತವರಿನವ್ರನ್ನ ಬಂದ್ ಕೂಡ್ಲೆ ಕೆಲಸಕ್ಕ ಹಚ್ಚಿದ್ಲು ಅಂತ ಊರ ನಗಬೇಕೇನಣ್ಣಾ? ಮೊದಲ ಉಣ್ರಿ ಇಬ್ರೂ."

ಹೋಳಿಗೆ, ಕಟ್ಟಿನ ಸಾರು, ಎಲೆ ಅಡಿಕೆ, ಮೇಲೊಂದು ನಿದ್ದೆ. ಮೀಟರನ್ನು ಹೊಸ್ತಿಲ ಮೇಲಿಟ್ಟಾಗ ನಾಲ್ಕು ಗಂಟೆ. ಮುಳ್ಳು ಗುರುತಿಗಿಂತ ನಲವತ್ತು ಅಡಿ ಮೇಲೆ ತೋರಿಸಿತು. ಅಂದರೆ ನೀರು ಬಂದು ನಿಲ್ಲುವ ಕಲ್ಲಿಗಿಂತ ಮನೆ ಎತ್ತರದಲ್ಲಿದೆ!

ಕಾಮಣ್ಣ ಕುಣಿದಾಡಿದ. ತಾಯವ್ವ ನನ್ನ ಕಡೆ ತಿರುಗಿದಳು. "ಖರೆ ಐತೇನ್ರಿ ಮಾಸ್ತರ? ನೀವ್ ಅಂದ್ರ ಇಲ್ಲೇ ಇರ್ತೀವಿ."

"ಮುಳ್ಳ ಯಾಕ ಸುಳ್ಳ ಹೇಳ್ತದವಾ," ಎಂದೆ. ಮಹಾ ಪಂಡಿತ ನಾನು! ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ.

ಶ್ರಾವಣದಲ್ಲಿ ನೀರು ಬಂತು. ಸರ್ವೆಯವರು ಹೇಳಿದಷ್ಟೇ, ಕಲ್ಲಿನ ಬುಡಕ್ಕೆ ಬಂದು ನಿಂತಿತು. ಅಷ್ಟರಲ್ಲಿ ತಾಯವ್ವನ ಮನೆಯೊಳಗೆ ಮೊಣಕಾಲುದ್ದ ನೀರು. ಹೊಳೆಪ್ಪ ಬಂಡಿ ತರಲು ಓಡಿದ್ದ. ಅವಳು ಬೀಸುವ ಕಲ್ಲು ತರುತ್ತೇನೆಂದು ಒಳಗೆ ಹೋದಳು. ಎರಡು ದಿನ ನೆನೆದ ಮಣ್ಣಿನ ಗೋಡೆ ಅವಳ ಮೇಲೆ ಬಿತ್ತು.

ಕಾಮಣ್ಣ ಕುರ್ಚಿಯಿಂದ ಹಿಡಿದು ಎಲ್ಲವನ್ನೂ ಗುಜರಿಗೆ ಹಾಕಿದ. ಎತ್ತರದ ಮೀಟರೊಂದನ್ನು ಮಾತ್ರ ಗೋಡೆಯಲ್ಲೇ ಬಿಟ್ಟ. ವರ್ಷ ಕಳೆದ ಮೇಲೆ ನನ್ನನ್ನು ಕರೆಸಿದ.

"ಮಾಸ್ತರ, ಗ್ವಾಡಿ ಏರತೈತೇನ್ರಿ? ಮುಂಜಾನಿ ಮುಳ್ಳ ಕೆಳಗ ಇರತೈತಿ, ನಾಕಕ್ಕ ಮ್ಯಾಲ. ಎಂಟ ದಿನದಿಂದ ನೋಡಾಕತ್ತೇನಿ, ದಿನಾ ಹಿಂಗ."

ನಾನು ಅಲ್ಲೇ ನೆಲದ ಮೇಲೆ ಕೂತೆ. ಆ ಮೀಟರು ಎತ್ತರ ಅಳೆಯುವುದಿಲ್ಲ, ಗಾಳಿಯ ಒತ್ತಡ ಅಳೆಯುತ್ತದೆ. ಬೆಳಿಗ್ಗೆ ಹತ್ತಕ್ಕೆ ಒತ್ತಡ ಹೆಚ್ಚು, ಮಧ್ಯಾಹ್ನ ನಾಲ್ಕಕ್ಕೆ ಕಡಿಮೆ. ಒತ್ತಡ ಇಳಿದರೆ ಮುಳ್ಳು ಏರುತ್ತದೆ. ಪ್ರತಿ ವರ್ಷ ಒಂಬತ್ತನೇ ತರಗತಿಗೆ ಈ ಪಾಠ ಮಾಡುವವನು ನಾನೇ. ಕೆಟ್ಟ ಮೇಲೆ ಬುದ್ಧಿ ಬಂತು. ಎಲ್ಲವನ್ನೂ ಅವನಿಗೆ ಬಿಡಿಸಿ ಹೇಳಿದೆ.

"ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು ಕಾಮಣ್ಣ. ಆ ಹೊತ್ತಿನ್ಯಾಗ ನೆನಪಾಗಲಿಲ್ಲ."

ಅವನು ಬೈಯಲಿಲ್ಲ. ಕಪಾಳಕ್ಕೆ ಬಾರಿಸಿದ್ದರೂ ನನಗೆ ಸಮಾಧಾನವಾಗುತ್ತಿತ್ತು. ಎದ್ದು ಮೀಟರನ್ನು ಕಳಚಿ, ಧೋತರದಿಂದ ಗಾಜು ಒರೆಸಿ, ನನ್ನ ತೊಡೆಯ ಮೇಲಿಟ್ಟ.

"ಒಯ್ರಿ. ನಿಮ್ಮ ಸಾಲ್ಯಾಗ ತೂಗ ಹಾಕ್ರಿ. ಮುಂಜಾನಿ ಒಮ್ಮೆ, ನಾಕಕ್ಕ ಒಮ್ಮೆ ಹುಡುಗರಿಗೆ ತೋರಸ್ರಿ. ನನಗ ಯಾರೂ ತೋರಸಲಿಲ್ಲ."